ಕಡ್ಡಿ ಇಲ್ಲದ ಸಾಲು

ಮೇ 4, ಸೋಮವಾರ

ಇವತ್ತು ನೀರಿನ ಸಂಘದ ಸಭೆಯಲ್ಲಿ ನಮ್ಮ ಬಾಯಿಗೆ ಬಾಟಲಿಯ ಮುಚ್ಚಳ ಬಿಗಿಯುವ ಏರ್ಪಾಟು ಆಯಿತು. ನಾನು ಕಣ್ಣಾರೆ ಕಂಡೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಜಲಾಶಯದಲ್ಲಿ ಉಳಿದಿರುವುದು ಒಂದೇ ಸರದಿಯ ನೀರು. ತೂಬನ್ನು ಒಮ್ಮೆ ಎತ್ತಿದರೆ ಮುಗಿಯಿತು, ಮಳೆ ಬರುವವರೆಗೆ ಮತ್ತೆ ಇಲ್ಲ. ಆ ನೀರು ಮೇಲಿನ ಹೊಲಕ್ಕೋ ಕೆಳಗಿನ ಹೊಲಕ್ಕೋ ಎಂಬುದು ಪ್ರಶ್ನೆ. ಮೇಲಿನ ಹೊಲವೆಂದರೆ ಸಮಿತಿಯ ಆರು ಜನರ ಹಣ್ಣಿನ ತೋಟ. ಕೆಳಗಿನ ಹೊಲವೆಂದರೆ ನಲವತ್ತು ಮನೆಗಳ ಮುಸುಕಿನ ಜೋಳ. ಅದರಲ್ಲಿ ಹನ್ನೆರಡು ಸಾಲು ನನ್ನ ಅಮ್ಮನವು.

ಅಧ್ಯಕ್ಷ ಎದ್ದು ನಿಂತು ಮೀಸೆಯಲ್ಲೇ ನಕ್ಕ. "ವಿಜ್ಞಾನ ಮುಂದುವರಿದಿದೆ. ಎಲೆಗೆ ಹೊಡೆಯೋ ಔಷಧಿ ಬಂದಿದೆ, ಗಿಡ ಬಾಯಾರಿಕೆ ತಡ್ಕೊಳ್ಳತ್ತೆ. ಕೆಳಗಿನವರಿಗೆ ಔಷಧಿ, ಮೇಲಿನವರಿಗೆ ನೀರು. ಯಾರಿಗೂ ಅನ್ಯಾಯ ಇಲ್ಲ."

ನಲವತ್ತು ಮನೆಯವರು ತಲೆಯಾಡಿಸಿದರು. ಇವರಿಗೆ ತಲೆ ಇರುವುದೇ ಆಡಿಸುವುದಕ್ಕೆ.

ನನ್ನ ಹತ್ತಿರ ಹನ್ನೊಂದು ಕರಪತ್ರಗಳಿವೆ. ಅಚ್ಚುಕೂಟದಲ್ಲಿ ಹಾಳೆ ಮಡಿಸುವ ಕೆಲಸಕ್ಕೆ ಹೋಗುತ್ತಿದ್ದಾಗ ಒಂದೊಂದೇ ಪ್ರತಿ ತಂದು ಇಟ್ಟುಕೊಂಡದ್ದು. ಅಚ್ಚುಕೂಟ ಮುಚ್ಚಿತು, ಕರಪತ್ರಗಳು ಉಳಿದವು. ಅವುಗಳಿಗೆ ನಾನೇ ಸಂಖ್ಯೆ ಹಾಕಿದ್ದೇನೆ. ನಾಲ್ಕನೆಯದರಲ್ಲಿದೆ: "ಬಾಯಾರಿದವನಿಗೆ ಬಾಯಾರಿಕೆಯನ್ನೇ ಅಭ್ಯಾಸ ಮಾಡಿಸುವುದು ಆಳುವವರ ಹಳೆಯ ವಿದ್ಯೆ." ಅಧ್ಯಕ್ಷನನ್ನು ನೋಡಿಯೇ ಬರೆದಂತಿದೆ.

ಸಂಶೋಧನಾ ಕೇಂದ್ರದಿಂದ ಬಂದಿದ್ದ ಮೇಡಂ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಮೊದಲು ಕೆಳಗಿನ ಹೊಲದ ಎಲ್ಲಕ್ಕಿಂತ ಬೇಗ ಒಣಗುವ ಒಂದು ಮೂಲೆಯಲ್ಲಿ ಪ್ರಯೋಗ ಮಾಡಿ ನೋಡೋಣ, ಇಪ್ಪತ್ನಾಲ್ಕನೇ ತಾರೀಖು ಸಮಿತಿ ಬಂದು ನೋಡಲಿ, ಆಮೇಲೆ ತೀರ್ಮಾನವಾಗಲಿ ಎಂದರು. ಎಂಟು ಪಟ್ಟಿ, ಪಟ್ಟಿಗೆ ಹದಿನೈದು ಗಿಡ. ಮಧ್ಯಾಹ್ನ ಎಲೆ ಎಷ್ಟು ಸುರುಳಿ ಸುತ್ತಿದೆ ಎಂದು ದಿನವೂ ರಿಜಿಸ್ಟರಿನಲ್ಲಿ ಬರೆಯಲು ಒಬ್ಬರು ಬೇಕು. ನಾನು ಕೈ ಎತ್ತಿದೆ.

"ಓದೋಕೆ ಬರತ್ತಾ?" ಎಂದ ಅಧ್ಯಕ್ಷ.

"ನಿಮ್ಮ ಮುಖದಲ್ಲಿ ಬರೆದಿರೋದನ್ನೂ ಓದ್ತೀನಿ" ಎಂದೆ. ಅಮ್ಮ ನನ್ನ ಸೆರಗು ಹಿಡಿದು ಕೂರಿಸಿದಳು. ಕೆಲಸ ಮಾತ್ರ ಸಿಕ್ಕಿತು.

ಔಷಧಿ ಸೋಲಬೇಕು. ಅದು ಗೆದ್ದರೆ ನಮಗೆ ನೀರಿಲ್ಲ. ಲೆಕ್ಕ ಅಷ್ಟೇ.


ಮೇ 6, ಬುಧವಾರ

ಔಷಧಿ ಹೊಡೆಯುವವನ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರೂ ನಾಝಲ್ ಎನ್ನುತ್ತಾರೆ. ಪಂಪಿನ ತುದಿಯ ಆ ಹಿತ್ತಾಳೆಯ ಮೂತಿಯನ್ನು ಅವನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಾನೆ, ಮೂರು ಹೊತ್ತೂ ಒರೆಸುತ್ತಾನೆ. ಅರವತ್ತು ದಾಟಿದ ಒಣಕಲು ಮನುಷ್ಯ. ಮೂವತ್ತು ವರ್ಷ ಪಂಪು ಹೊತ್ತು ಹೊತ್ತು ಒಂದು ಭುಜ ಕೆಳಗಿಳಿದಿದೆ. ಅದನ್ನು ಕಂಡು ಒಂದು ಕ್ಷಣ ಕನಿಕರ ಬಂತು, ಆಮೇಲೆ ಹೋಯಿತು. ಆಳುವವರ ಹೊರೆಯನ್ನು ಇಷ್ಟಪಟ್ಟು ಹೊರುವವನ ಮೇಲೆ ಕನಿಕರ ಸಲ್ಲದು (ಕರಪತ್ರ ಒಂಬತ್ತು).

ಬೆಳಿಗ್ಗೆ ಆರಕ್ಕೆ ಶುರು. ನಾಲ್ಕು ಪಟ್ಟಿಗೆ ಕೆಂಪು ಕಡ್ಡಿ, ನಾಲ್ಕಕ್ಕೆ ಬಿಳಿ. ಕೆಂಪಿಗೆ ಪೊಟ್ಯಾಶ್ ಉಪ್ಪಿನ ದ್ರಾವಣ ಹೊಡೆದ. ಆಮೇಲೆ ಪಂಪು ತೊಳೆದು, ಬರೀ ನೀರು ತುಂಬಿಕೊಂಡು ಬಿಳಿ ಪಟ್ಟಿಗಳಿಗೂ ಅದೇ ನಡಿಗೆಯಲ್ಲಿ ಹೊಡೆಯತೊಡಗಿದ. ನನಗೆ ಮೈ ಉರಿಯಿತು. ನೋಡಲು ಬಂದ ಹತ್ತಾರು ಜನ ಬದುವಿನ ಮೇಲೆ ನಿಂತಿದ್ದರು.

"ಏನ್ರೀ ಇದು ನಾಟಕ? ಔಷಧಿ ಇಲ್ಲದ ಪಟ್ಟಿ ಅಂತ ಹೇಳಿ ಅದಕ್ಕೂ ಏನೋ ಹೊಡೀತಿದೀರಲ್ಲ. ಬೇಲಿನೇ ಎದ್ದು ಹೊಲ ಮೇದ್ರೆ ಕಾಯೋರು ಯಾರು?"

ಅವನು ಪಂಪಿನ ಹಿಡಿ ಬಿಡದೆ ತಿರುಗಿ ನೋಡಿದ. "ಯಾರಮ್ಮ ಇದು, ಕರಪತ್ರ ಓದೋ ಹುಡುಗಿನಾ? ಕೇಳು. ಎಲೆ ಒದ್ದೆಯಾದ್ರೆ ಸಾಕು, ಒಂದಷ್ಟು ಹೊತ್ತು ತಂಪಾಗತ್ತೆ. ಆ ತಂಪನ್ನ ನನ್ನ ಔಷಧಿ ಲೆಕ್ಕಕ್ಕೆ ನಾನು ಬರ್ಕೋಬಾರದು. ಅದಕ್ಕೆ ಎರಡನ್ನೂ ಒದ್ದೆ ಮಾಡೋದು. ಉಳಿಯೋ ವ್ಯತ್ಯಾಸ ಔಷಧಿದು. ತಿಳೀತಾ? ತಿಳೀಲಿಲ್ಲ ಅಂದ್ರೆ ಇನ್ನೊಂದು ಕರಪತ್ರ ತರಿಸ್ಕೋ."

ಬದುವಿನ ಮೇಲಿದ್ದವರೆಲ್ಲ ನಕ್ಕರು. ಅಲ್ಲಿಗೆ ನನಗೆ ಕರಪತ್ರ ಎಂದೇ ಹೆಸರು ಬಿತ್ತು.

ಬೇಲಿಯ ಪಕ್ಕದ ಕೊನೆಯ ಸಾಲಿಗೆ ಅವನು ಔಷಧಿಯನ್ನೂ ಹೊಡೆಯಲಿಲ್ಲ, ನೀರನ್ನೂ ಹೊಡೆಯಲಿಲ್ಲ. ಕಡ್ಡಿಯೂ ನೆಡಲಿಲ್ಲ. ಸೋಮಾರಿ.


ಮೇ 7

ಬಿಸಿಲು. ಎಲ್ಲ ಪಟ್ಟಿಗೂ ಎರಡು ಅಂಕ.


ಮೇ 11, ಸೋಮವಾರ

ಅಂಕ ಹಾಕುವ ಕ್ರಮವನ್ನು ಬರೆದಿಡುತ್ತೇನೆ. ಎಲೆ ಪೂರ್ತಿ ಬಿಚ್ಚಿಕೊಂಡಿದ್ದರೆ ಒಂದು. ಅಂಚು ಮೇಲೆದ್ದರೆ ಎರಡು. ದೋಣಿಯಂತಾದರೆ ಮೂರು. ಅಂಚಿಗೆ ಅಂಚು ತಾಗಿದರೆ ನಾಲ್ಕು. ಪೆನ್ಸಿಲಿನಂತೆ ಸುತ್ತಿಕೊಂಡರೆ ಐದು. ಮಧ್ಯಾಹ್ನ ಒಂದು ಗಂಟೆಗೇ ನೋಡಬೇಕು. ಸಂಜೆ ಎಲ್ಲ ಗಿಡವೂ ಮುಖ ತೊಳೆದುಕೊಂಡಂತೆ ಕಾಣುತ್ತದೆ.

ಇವತ್ತು ಬಿಳಿ ಪಟ್ಟಿಗಳೆಲ್ಲ ನಾಲ್ಕು. ಕೆಂಪು ಎರಡೂವರೆ, ಒಂದು ಪಟ್ಟಿ ಮಾತ್ರ ಮೂರು.

ಮೂರು ಸಲ ನೋಡಿದೆ. ಬಗ್ಗಿ ನೋಡಿದೆ, ಬೆನ್ನಿಗೆ ಸೂರ್ಯನನ್ನು ಹಾಕಿಕೊಂಡು ನೋಡಿದೆ. ಬರೆಯಲೇಬೇಕಾಯಿತು. ನನ್ನ ಕೈಯಿಂದಲೇ ಅಧ್ಯಕ್ಷನ ತೋಟಕ್ಕೆ ನೀರು ಬಿಟ್ಟಂತಾಯಿತು.

ನಾಝಲ್ ಮರದ ನೆರಳಿನಲ್ಲಿ ಕೂತು ಹುಲ್ಲುಕಡ್ಡಿಯಿಂದ ಹಿತ್ತಾಳೆ ಮೂತಿಯನ್ನು ಕೆದಕುತ್ತಿದ್ದ. "ಏನು ಬಂತು ಕರಪತ್ರ?"

"ನಿಮಗೆ ಖುಷಿ ಆಗೋದು ಬಂತು."

"ನನಗೆ ಖುಷಿ ಯಾಕೆ? ಇದು ನೀರಲ್ಲ. ಎಲೆ ಬಾಯಿ ಸ್ವಲ್ಪ ಮುಚ್ಚಿಕೊಳ್ಳತ್ತೆ, ಒಳಗಿರೋದು ಬೇಗ ಆರಲ್ಲ. ಎಂಟು ದಿನ, ಹತ್ತು ದಿನ ಮುಂದಕ್ಕೆ ಹೋಗತ್ತೆ. ಅಷ್ಟರೊಳಗೆ ನೀರು ಬಂದ್ರೆ ಬಂತು. ಇಲ್ಲಾಂದ್ರೆ ಹಸಿರಾಗೇ ಸಾಯತ್ತೆ."

"ಅದನ್ನ ಅಧ್ಯಕ್ಷರ ಮುಂದೆ ಹೇಳಿ."

"ಕೇಳಿದ್ರೆ ಹೇಳ್ತೀನಿ."

ಕೇಳಿದರೆ ಹೇಳುತ್ತಾನಂತೆ. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿರುವುದು ಎಲೆಯಷ್ಟೇ ಅಲ್ಲ.


ಮೇ 13, ಬುಧವಾರ

ತೀರ್ಮಾನ ಮಾಡಿದೆ.

ಔಷಧಿಯನ್ನು ಸೋಲಿಸಲು ಎರಡು ದಾರಿ. ಕೆಂಪು ಪಟ್ಟಿಯನ್ನು ಕೆಡಿಸುವುದು ಒಂದು. ನನಗೆ ಮನಸ್ಸು ಬರಲಿಲ್ಲ. ಗಿಡ ಏನು ತಪ್ಪು ಮಾಡಿದೆ. ಬಿಳಿ ಪಟ್ಟಿಯನ್ನು ಎತ್ತುವುದು ಇನ್ನೊಂದು. ಬಿಳಿಯೂ ಕೆಂಪಿನಷ್ಟೇ ನೆಟ್ಟಗೆ ನಿಂತರೆ, ಔಷಧಿ ಬರೀ ಬುರುಡೆ ಎಂದು ಎಲ್ಲರಿಗೂ ಕಾಣುತ್ತದೆ. ಬಿಳಿ ಪಟ್ಟಿಗಳ ಒಟ್ಟು ಗಿಡ ಅರವತ್ತು. ಗಿಡಕ್ಕೊಂದು ದೊಡ್ಡ ಲೋಟ ಎಂದರೆ ಎರಡು ಕೊಡ ನೀರು. ಪ್ರಯೋಗದ ಮೂಲೆ ನಮ್ಮ ಹಿತ್ತಲಿಗೆ ಕೂಗಳತೆಯಲ್ಲಿದೆ. ಸಂಜೆ ಆರಕ್ಕೆ ಎಲ್ಲರೂ ನಲ್ಲಿಯ ಸಾಲಿನಲ್ಲಿ ನಿಂತಿರುತ್ತಾರೆ.

ಇದು ಮೋಸವಲ್ಲ. ಮೋಸದ ವಿರುದ್ಧ ಮೋಸ ಮಾಡಿದರೆ ಅದಕ್ಕೆ ಹೋರಾಟ ಎಂದು ಹೆಸರು (ಕರಪತ್ರ ಎರಡು. ಮಾತು ಸರಿಯಾಗಿ ಹೀಗೇ ಇಲ್ಲ, ಅರ್ಥ ಇದೇ).

ಇವತ್ತು ಮೊದಲ ಸಲ ಹಾಕಿದೆ. ಮೇಲೆ ಒಣಮಣ್ಣು ಉದುರಿಸಿ ಹೆಜ್ಜೆ ಅಳಿಸಿದೆ. ಅರವತ್ತು ಸಲ ಬಗ್ಗಿ ಏಳುವಾಗ ನನ್ನೊಳಗೆ ಹಾಡು ಬಂದಂತಿತ್ತು.


ಮೇ 16, ಶನಿವಾರ

ಬೀದಿ ನಲ್ಲಿಯಲ್ಲಿ ನಮ್ಮ ಮನೆಯ ಸರದಿ ದಿನ ಬಿಟ್ಟು ದಿನ, ಒಂದೇ ಡ್ರಮ್ಮು ತುಂಬುವಷ್ಟು. ಅಮ್ಮ ಡ್ರಮ್ಮಿನ ಒಳಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

"ಎರಡು ಕೊಡ ಎಲ್ಲಿಗೆ ಹೋಯ್ತು?"

"ಸ್ನಾನ ಮಾಡಿದೆ."

ಅಮ್ಮ ಹತ್ತಿರ ಬಂದು ನನ್ನ ಕುತ್ತಿಗೆ ಮೂಸಿದಳು. "ಸ್ನಾನ ಮಾಡಿದ ವಾಸನೆ ಇದಲ್ಲ. ಯಾರ ಮನೆಗೆ ಹೊತ್ತು ಹಾಕ್ತಿದೀಯ?"

ನಿಜ ಹೇಳಿದರೆ ಅವಳು ಹೆದರಿ ಊರೆಲ್ಲ ಹೇಳಿಕೊಂಡು ಬರುತ್ತಾಳೆ. ನನ್ನ ಪಾಲಿನ ನೀರು ನಾನು ಏನು ಬೇಕಾದರೂ ಮಾಡುತ್ತೇನೆ ಎಂದೆ. ಸರಿ, ಹಾಗಿದ್ದರೆ ನಿನ್ನ ಪಾಲು ಇಷ್ಟೇ ಎಂದು ಹೊಸ ಗೆರೆ ಎಳೆದು ತೋರಿಸಿದಳು. ಬಟ್ಟೆ ಒಗೆಯುವುದು ಬಿಟ್ಟಿದ್ದೇನೆ. ಸ್ನಾನದ ಬದಲು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತೇನೆ. ತಲೆ ತುರಿಸುತ್ತದೆ.

ಬಿಳಿ ಪಟ್ಟಿಗೆ ಇವತ್ತು ಮೂರು.


ಮೇ 19, ಮಂಗಳವಾರ

ಎರಡನೆಯ ಸಲ ಔಷಧಿ ಹೊಡೆಯುವ ದಿನ. ಆರಕ್ಕೆ ಮೊದಲೇ ಹೋದೆ. ಎಲೆಯ ಮೇಲೆ ಇಬ್ಬನಿಯ ನೆನಪಿನಷ್ಟಾದರೂ ತೇವ ಇರುವಾಗಲೇ ಹೊಡೆಯಬೇಕು. ಹೊತ್ತೇರಿದರೆ ಹನಿ ಆರಿ ಉಪ್ಪು ಮಾತ್ರ ಉಳಿಯುತ್ತದೆ, ಎಲೆ ಸುಡುತ್ತದೆ. ಇದನ್ನು ಅವನು ಹೇಳಿದ್ದಲ್ಲ. ಹಿಂದಿನ ಸಲ ಕೊನೆಗೆ ಹೊಡೆದ ಗಿಡಗಳ ಅಂಚು ನೋಡಿ ನಾನೇ ಕಂಡುಕೊಂಡದ್ದು.

ಮೂತಿ ಕಟ್ಟಿಕೊಂಡಿತ್ತು. ಬಿದ್ದಿದ್ದ ತಂತಿಯ ತುಂಡು ಎತ್ತಿ ಕೊಟ್ಟೆ. ನನ್ನ ಕೈ ಮೇಲೆ ಹೊಡೆದ, ನಿಜವಾಗಿಯೂ ಹೊಡೆದ. "ತಂತಿ ಹಾಕಿದ್ರೆ ತೂತು ದೊಡ್ಡದಾಗತ್ತೆ. ದೊಡ್ಡ ಹನಿ ಎಲೆ ಮೇಲೆ ನಿಲ್ಲಲ್ಲ, ಜಾರಿ ಮಣ್ಣಿಗೆ ಬೀಳತ್ತೆ. ನಿನ್ನ ಮಾತಿನ ಹಾಗೆ."

"ನಿಮ್ಮ ಮಾತು ಎಲ್ಲಿ ನಿಲ್ಲತ್ತೋ ನೋಡೋಣ" ಎಂದೆ.

ಬಿಳಿ ಪಟ್ಟಿಗೆ ನೀರು ಹೊಡೆಯುತ್ತ ಅರ್ಧದಲ್ಲಿ ನಿಂತ. ಕಾಲಿನ ಹೆಬ್ಬೆರಳಿನಿಂದ ಒಂದು ಗಿಡದ ಬುಡ ಕೆದಕಿದ. ಮೇಲಿನ ಧೂಳಿನ ಅಡಿಯಲ್ಲಿ ನೀರು ಕುಡಿದು ಆರಿದ ಮಣ್ಣು ಹಪ್ಪಳದಂತೆ ಎದ್ದು ಬಂತು.

"ಈ ಬಿಳಿ ಕಡ್ಡಿಗಳ ಮೇಲೆ ಯಾರಿಗೋ ಭಾರಿ ಅಕ್ಕರೆ ಕಣಮ್ಮ" ಎಂದ. ನನ್ನ ಮುಖ ನೋಡಲಿಲ್ಲ. ಪಂಪು ಒತ್ತುತ್ತ ಮುಂದೆ ಹೋದ.

ಗೊತ್ತಾಗಿದೆಯೋ ಇಲ್ಲವೋ. ಗೊತ್ತಾಗಿದ್ದರೆ ಕೂಗಾಡಬೇಕಿತ್ತು. ಇಂಥವರಿಗೆ ಮೌನವೇ ಆಯುಧ.


ಮೇ 20

ಹಾಕಿದೆ. ಎರಡು ಕೊಡ.


ಮೇ 21

ಹಾಕಿದೆ. ಬಿಳಿ ಎರಡೂವರೆ, ಕೆಂಪು ಎರಡೂವರೆ. ರಿಜಿಸ್ಟರಿನಲ್ಲಿ ಬರೆಯುವಾಗ ಅಂಕೆಗಳು ದುಂಡಗೆ ಬಂದವು.


ಮೇ 24, ಭಾನುವಾರ

ಏನು ಬರೆಯಲಿ.

ಹನ್ನೆರಡೂವರೆಗೆ ಸಮಿತಿ ಬಂತು. ಆರು ಜನ, ಆರು ಕೊಡೆ. ನಲವತ್ತು ಮನೆಯವರೂ ಬಂದಿದ್ದರು, ಕೊಡೆ ಇಲ್ಲದೆ. ಮೇಡಂ ರಿಜಿಸ್ಟರನ್ನು ಓದಿದರು, ಪಟ್ಟಿಗಳ ನಡುವೆ ಓಡಾಡಿದರು, ಹುಬ್ಬು ಗಂಟಿಕ್ಕಿದರು. "ವಿಚಿತ್ರ. ಹನ್ನೊಂದನೇ ತಾರೀಖು ಅಷ್ಟು ವ್ಯತ್ಯಾಸ ಇತ್ತು, ಈಗ ಎರಡೂ ಒಂದೇ ಥರ ಇದೆ. ಔಷಧಿಯಿಂದ ಉಪಯೋಗ ಕಾಣ್ತಿಲ್ಲ ಅಂತಲೇ ಹೇಳಬೇಕು."

ನಾಝಲ್ ಪಂಪಿನ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದ. ಸೋತ ಮುಖ ಎಂದುಕೊಂಡೆ.

"ಹಾಗಾದ್ರೆ ನೀರು ಕೆಳಗಿನ ಹೊಲಕ್ಕೆ" ಎಂದೆ ಗಟ್ಟಿಯಾಗಿ.

ಅಧ್ಯಕ್ಷ ಬಿಳಿ ಪಟ್ಟಿಯ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, ಮಗುವಿನ ಕೆನ್ನೆಯಂತೆ ಸವರಿದ. "ಯಾಕಮ್ಮ? ನೀನೇ ಬರೆದಿರೋದು ತಾನೆ ಇದು? ಈ ಗಿಡಕ್ಕೆ ಔಷಧಿ ಇಲ್ಲ, ನೀರೂ ಕಟ್ಟಿಲ್ಲ. ಹಿಂಗಿದ್ದೂ ಹ್ಯಾಗೆ ನಿಂತಿದೆ ನೋಡು. ಕೆಳಗಿನ ಮಣ್ಣಿಗೆ ತೇವ ಹಿಡಿಯೋ ಗುಣ ಇದೆ ಅಂತಾಯ್ತು. ಔಷಧಿ ಖರ್ಚೂ ಬೇಡ, ನೀರೂ ಬೇಡ. ಇದಕ್ಕಿಂತ ಒಳ್ಳೆ ಸುದ್ದಿ ಏನಿದೆ?"

ಕೊಡೆಗಳೆಲ್ಲ ತಲೆಯಾಡಿಸಿದವು. ಇಪ್ಪತ್ತೆಂಟಕ್ಕೆ ಸಭೆಯಲ್ಲಿ ಠರಾವು, ಮೂವತ್ತಕ್ಕೆ ಮೇಲಿನ ಹೊಲಕ್ಕೆ ತೂಬು.

ನಮ್ಮವರೂ ತಕರಾರು ಮಾಡಲಿಲ್ಲ. ಅರವತ್ತು ಗಿಡ ಹಸಿರಾಗಿ ನಿಂತು ಸಾಕ್ಷಿ ಹೇಳುತ್ತಿರುವಾಗ ಏನಂತ ಮಾಡುತ್ತಾರೆ. ತಮ್ಮ ಹೊಲ ಒಣಗುತ್ತಿರುವುದು ತಮ್ಮದೇ ತಪ್ಪಿರಬಹುದೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಂಜೆ ಎರಡು ಕೊಡ ತುಂಬಿಕೊಂಡು ಹಿತ್ತಲ ಬಾಗಿಲವರೆಗೆ ಹೋದೆ. ಅಲ್ಲೇ ಕೂತೆ. ವಾಪಸು ಡ್ರಮ್ಮಿಗೆ ಸುರಿದೆ.


ಮೇ 25, ಸೋಮವಾರ

ನಾಝಲ್ ಇರುವುದು ಗೋದಾಮಿನ ಪಕ್ಕದ ಒಂದು ಕೋಣೆಯಲ್ಲಿ. ಗೋಡೆಗೆ ಮೊಳೆ, ಮೊಳೆಗೆ ಪಂಪಿನ ಪಟ್ಟಿಗಳು, ಕಿಟಕಿಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷುಗಳು ತುಂಬಿದ ಡಬ್ಬಿ. ಕೂರು ಎನ್ನಲಿಲ್ಲ.

"ನಿಮಗೆ ಗೊತ್ತಿತ್ತು" ಎಂದೆ.

"ಹತ್ತೊಂಬತ್ತನೇ ತಾರೀಖಿಂದ."

"ಮತ್ತೆ ಯಾಕೆ ಹೇಳಲಿಲ್ಲ?"

"ನಾನು ಹೇಳಿದ್ರೆ ಏನಂತಾರೆ? ಔಷಧಿ ಹೊಡೆಯೋನು ತನ್ನ ಔಷಧಿ ಸೋತಿದ್ದಕ್ಕೆ ಹುಡುಗಿ ಮೇಲೆ ಗೂಬೆ ಕೂರಿಸ್ತಾನೆ ಅಂತಾರೆ. ಇಡೀ ಊರಿನ ಮುಂದೆ ನನ್ನನ್ನ ಹೊಲ ಮೇಯೋ ಬೇಲಿ ಅಂದವಳು ನೀನು. ಯಾರು ಮೇದದ್ದು ಈಗ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ, ನಾನೂ ಹಿಂದೆ ಹೊರಟೆ. ಬೇಲಿಯ ಪಕ್ಕದ ಆ ಕಡ್ಡಿ ಇಲ್ಲದ ಸಾಲಿನ ಮುಂದೆ ನಿಲ್ಲಿಸಿದ. ಹದಿನೈದು ಗಿಡ. ಎಲೆಗಳು ಸುರುಳಿಯನ್ನೂ ದಾಟಿ ಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದರೆ ಕಾಗದದಂತೆ ಸದ್ದಾಯಿತು. ಇಷ್ಟು ದಿನ ಅದು ಯಾರೋ ಬಿಟ್ಟುಹೋದ ಅಂಚು ಎಂದುಕೊಂಡಿದ್ದೆ. ನಿನ್ನೆ ಆರು ಕೊಡೆಗಳೂ ಹಾಗೆಯೇ ಅಂದುಕೊಂಡು ಹೋದವು.

"ಇದು ಸಾಕ್ಷಿ ಸಾಲು. ಯಾರ ಹೊಲಕ್ಕೆ ಹೊಡೆದ್ರೂ ಒಂದು ಸಾಲನ್ನ ಮುಟ್ಟದೆ ಬಿಡೋದು ನಮ್ಮ ಕೆಲಸದ ಕಟ್ಟಳೆ. ಹೊಲದವನು ಕೊನೆಗೆ ಅದನ್ನ ನೋಡ್ಲಿ, ನಾನು ಮಾಡಿದ್ದೇನು ಅಂತ ತಿಳೀಲಿ. ರಿಜಿಸ್ಟರ್ ಗಿಜಿಸ್ಟರ್ ಎಲ್ಲ ಆಮೇಲೆ ಬಂದದ್ದು." ಬಿಳಿ ಕಡ್ಡಿಗಳತ್ತ ಕೈ ತೋರಿಸಿದ: "ನೀನು ತೆಪ್ಪಗೆ ಇದ್ದಿದ್ರೆ ನಿನ್ನೆ ಬಿಳಿದು ಹೀಗೆ ಬಿದ್ದಿರೋದು, ಕೆಂಪು ಏದುಸಿರು ಬಿಡ್ತಾ ನಿಂತಿರೋದು. ಹತ್ತು ದಿನದಲ್ಲಿ ನೀರು ಕೊಡದಿದ್ರೆ ಅದೂ ಹೋಗತ್ತೆ ಅಂತ ನಾನು ಹೇಳ್ತಿದ್ದೆ, ಮೇಡಂ ಬರ್ಕೊಳ್ಳೋರು. ನೀರು ನಿಮ್ಮ ಮನೆ ಬಾಗಿಲಿಗೆ ಬರ್ತಿತ್ತು ಕರಪತ್ರ. ನೀನೇ ಅಡ್ಡ ಕಾಲು ಕೊಟ್ಟೆ."

"ಈಗ ಏನು ಮಾಡ್ಲಿ?"

"ನನ್ನನ್ನ ಕೇಳ್ಬೇಡ. ಮೂವತ್ತು ವರ್ಷದಲ್ಲಿ ನನ್ನ ಪಟ್ಟಿ ಕೆಡಿಸಿದವಳು ನೀನೊಬ್ಬಳೇ. ಹೋಗು ಇಲ್ಲಿಂದ."


ಮೇ 26

ಅಮ್ಮನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನಮ್ಮ ಡ್ರಮ್ಮಿನ ನೀರು ಕುಡಿಸಿ ನಮ್ಮ ಬಾಯಿಗೇ ಮಣ್ಣು ಹಾಕ್ದೆ."

"ಸಭೆಯಲ್ಲಿ ಹೇಳ್ಬಿಡ್ತೀನಿ."

"ಹೇಳು. ನಲವತ್ತು ಮನೆಯವರೂ ಒಂದೊಂದು ಕಲ್ಲು ತಗೊಂಡು ಬರ್ತಾರೆ. ನನ್ನ ಕಡೆ ನೋಡ್ಬೇಡ, ನಾನೂ ಒಂದು ತರ್ತೀನಿ."

ಕರಪತ್ರಗಳನ್ನು ಕೆಳಗಿಳಿಸಿ ಹನ್ನೊಂದನ್ನೂ ತಿರುವಿದೆ. ತಾನು ಮಾಡಿದ ತಪ್ಪನ್ನು ಹೇಳುವುದು ಹೇಗೆಂದು ಒಂದರಲ್ಲೂ ಬರೆದಿಲ್ಲ. ಬೇರೆಯವರ ತಪ್ಪು ಹೇಳಲು ಮಾತ್ರ ಎಷ್ಟೊಂದು ಒಳ್ಳೆಯ ವಾಕ್ಯಗಳಿವೆ.


ಮೇ 28, ಗುರುವಾರ

ಠರಾವು ಓದುವ ಮೊದಲೇ ಎದ್ದು ಹೇಳಿದೆ. ಹದಿಮೂರನೇ ತಾರೀಖಿನಿಂದ ಇಪ್ಪತ್ತಮೂರರವರೆಗೆ, ದಿನಕ್ಕೆ ಎರಡು ಕೊಡ, ಗಿಡಕ್ಕೊಂದು ಲೋಟ. ಬೇಕಂತಲೇ ಮಾಡಿದೆ. ಭಾಷಣ ತಯಾರು ಮಾಡಿಕೊಂಡಿದ್ದೆ, ಅದು ಬಾಯಿಗೆ ಬರಲಿಲ್ಲ.

ಮೊದಲು ಕೂಗಿದವರು ಸಮಿತಿಯವರಲ್ಲ, ನಮ್ಮವರೇ. ಪಕ್ಕದ ಮನೆಯ ದೊಡ್ಡಮ್ಮ ನನ್ನ ಮುಂದೆ ಬಂದು ಉಗಿದಳು. ಕಾಲಿನ ಹತ್ತಿರ ಬಿತ್ತು. "ನನ್ನ ಮೊಮ್ಮಕ್ಕಳು ತಲೆಗೆ ನೀರು ಹಾಕ್ಕೊಂಡು ಎಂಟು ದಿನ ಆಯ್ತು. ನೀನು ಜೋಳಕ್ಕೆ ಲೋಟದಲ್ಲಿ ಕುಡಿಸ್ತಿದ್ಯಾ?"

ಅಧ್ಯಕ್ಷ ಗದ್ದಲ ತಣಿಯುವವರೆಗೆ ಕಾದ. "ಆಗ ಸುಳ್ಳು ಬರೆದವಳು ಈಗ ನಿಜ ಹೇಳ್ತಾಳೆ ಅಂತ ಹ್ಯಾಗೆ ನಂಬೋದು? ನೀರು ಬೇಕು, ಅದಕ್ಕೆ ಕತೆ ಕಟ್ತಿದ್ದಾಳೆ."

ಆಗ ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. ನಾಝಲ್.

"ಅವಳನ್ನ ನಂಬಬೇಡಿ. ನಾನೂ ನಂಬಲ್ಲ. ಬೇರನ್ನ ಕೇಳಿ."

ಎಲ್ಲರೂ ಹೊಲಕ್ಕೆ ಹೋದೆವು. ನಾಝಲ್ ಬಿಳಿ ಪಟ್ಟಿಯ ಒಂದು ಗಿಡವನ್ನು ಎರಡು ಬೆರಳಿನಲ್ಲಿ ಹಿಡಿದು ಎತ್ತಿದರು. ಕಿತ್ತುಕೊಂಡು ಬಂತು. ಬೇರು ಪೂರ್ತಿ ಬುಡದಲ್ಲೇ, ನೆಲ ಒರೆಸುವ ಬಟ್ಟೆಯಂತೆ ಮೇಲುಮೇಲೆ ಹರಡಿತ್ತು, ಬೆಳ್ಳಗೆ, ಎಳೆಯದಾಗಿ. ಕೆಂಪು ಪಟ್ಟಿಯ ಗಿಡ ಎಳೆದರೆ ಬರಲಿಲ್ಲ. ಸನಿಕೆ ತರಿಸಿ ಮೊಳದಷ್ಟು ಅಗೆದರೂ ಬೇರು ಇನ್ನೂ ಕೆಳಗೆ ಹೋಗುತ್ತಲೇ ಇತ್ತು. ಕೊನೆಗೆ ಸಾಕ್ಷಿ ಸಾಲನ್ನು ಅಗೆದರು. ಅದರ ಬೇರೂ ಅಷ್ಟೇ ಆಳಕ್ಕೆ ಹೋಗಿತ್ತು. ಕೆಳಗೆ ಏನೂ ಸಿಗದೆ ಕಂದುಬಣ್ಣಕ್ಕೆ ತಿರುಗಿತ್ತು.

"ದಿನಾ ಒಂದು ಲೋಟ ಸಿಗತ್ತೆ ಅಂದ್ರೆ ಬೇರು ಯಾಕೆ ಕೆಳಗೆ ಹೋಗತ್ತೆ?" ಎಂದರು ಮೇಡಂ. ಅವರ ದನಿ ನನ್ನ ಕಡೆಗೆ ತುಂಬ ತಣ್ಣಗಿತ್ತು. "ಇದು ಐದು ದಿನದ ಹಿಂದಿನವರೆಗೂ ಕುಡಿದ ಗಿಡ. ಇನ್ನೆರಡು ದಿನಕ್ಕೆ ಎಲ್ಲಕ್ಕಿಂತ ಮೊದಲು ಬೀಳೋದೇ ಇದು." ಆಮೇಲೆ ಅಧ್ಯಕ್ಷನ ಕಡೆ ತಿರುಗಿದರು. "ಏನೂ ಹೊಡೆಯದ್ದು ಸತ್ತಿದೆ. ಔಷಧಿ ಹೊಡೆದದ್ದು ಹತ್ತು ದಿನ ತಡೀಬಹುದು. ಆಮೇಲೆ ಅದಕ್ಕೂ ನೀರೇ ಬೇಕು. ನಾನು ವರದಿಯಲ್ಲಿ ಬರೆಯೋದು ಇಷ್ಟು."

ಅಲ್ಲೇ ಹೊಲದಲ್ಲೇ ಕೈ ಎತ್ತಿಸಿದರು. ನಲವತ್ತಕ್ಕೆ ಆರು. ನೀರು ಕೆಳಗಿನ ಹೊಲಕ್ಕೆ. ಆದರೆ ಕೆಳಗಿನ ಕಾಲುವೆಯಲ್ಲಿ ಹೂಳು ಕೂತಿದೆ, ತೆಗೆಯಲು ಹತ್ತು ದಿನ ಬೇಕು. ತೂಬು ಎತ್ತುವುದು ಜೂನ್ ಎಂಟಕ್ಕೆ, ಎತ್ತುವ ಮೊದಲು ಸಮಿತಿ ಇನ್ನೊಮ್ಮೆ ಬಂದು ನೋಡುತ್ತದೆ. ಅಲ್ಲಿಯವರೆಗೆ ಇಡೀ ಹೊಲಕ್ಕೆ ಔಷಧಿ ಹೊಡೆದು ಹಿಡಿದಿಡಬೇಕು.

ನನ್ನಿಂದ ರಿಜಿಸ್ಟರ್ ಕಿತ್ತುಕೊಂಡರು. ಇಡೀ ಹೊಲಕ್ಕೆ ಹೊಡೆಯಲು ಎರಡನೆಯ ಪಂಪು ಹೊರುವವರು ಬೇಕಿತ್ತು. ಗಂಡಸರೆಲ್ಲ ಕಾಲುವೆಗೆ ಹೋಗಬೇಕು. ನಾಝಲ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಬರೆಯೋ ಕೈ ಬೇಡ. ಬೆನ್ನಿದೆಯಾ?"


ಜೂನ್ 1, ಸೋಮವಾರ

ಪಂಪು ಸೋರುತ್ತದೆ. ಉಪ್ಪುನೀರು ಬೆನ್ನಿಗೆ ಇಳಿದು ಉರಿಯುತ್ತದೆ. ನಾಲ್ಕು ದಿನದಲ್ಲಿ ಇಪ್ಪತ್ತೆರಡು ಮನೆಯ ಹೊಲ ಮುಗಿದಿದೆ. ಬೆಳಿಗ್ಗೆ ಐದೂವರೆಯಿಂದ ಎಂಟೂವರೆ, ಅದಕ್ಕಿಂತ ತಡವಾದರೆ ಹೊಡೆಯಬಾರದು.

ನಾನು ಬದುವಿನ ಮೇಲೆ ಹೋದರೆ ಜನ ಮಾತು ನಿಲ್ಲಿಸುತ್ತಾರೆ. ದೊಡ್ಡಮ್ಮ ತನ್ನ ಹೊಲದಲ್ಲಿ ನನ್ನ ಹಿಂದೆ ಹಿಂದೆಯೇ ನಡೆದಳು, ಕಳ್ಳಿಯ ಹಿಂದೆ ನಡೆದಂತೆ. "ಎಲೆ ಅಡಿಗೂ ಬೀಳ್ಲಿ. ಇಲ್ಲಿ ಬಿಟ್ಟೆ. ಇಲ್ಲೂ ಬಿಟ್ಟೆ." ಮೂತಿಯನ್ನು ಮೊಣಕಾಲೆತ್ತರಕ್ಕೆ ಹಿಡಿದು ಮೇಲ್ಮುಖವಾಗಿ ಹೊಡೆಯಬೇಕು, ಆಗಲೇ ಅಡಿಗೂ ಬೀಳುತ್ತದೆ. ಅವಳಿಗೆ ವಿವರಿಸುವ ಗೋಜಿಗೆ ಹೋಗಲಿಲ್ಲ.

ಪೊಟ್ಯಾಶ್ ಪುಡಿ ಅಳೆದು ಸುರಿಯಲು ಆಲಿಕೆ ಇಲ್ಲ. ದಪ್ಪ ಕಾಗದ ಬೇಕಿತ್ತು, ಮನೆಯಲ್ಲಿದ್ದದ್ದು ತಂದೆ. ಕರಪತ್ರ ನಾಲ್ಕು ಗಟ್ಟಿ ಇದೆ, ಚೆನ್ನಾಗಿ ಸುರುಳಿ ಸುತ್ತಲು ಬರುತ್ತದೆ.

ನಾಝಲ್ ದಿನಕ್ಕೆ ಹತ್ತು ಮಾತು ಆಡುತ್ತಾರೆ, ಹತ್ತೂ ಬೈಗುಳ.


ಜೂನ್ 4, ಗುರುವಾರ

ಇವತ್ತು ನಮ್ಮ ಹೊಲ. ಹನ್ನೊಂದು ಸಾಲು ಹೊಡೆದೆ. ದಾರಿಯ ಪಕ್ಕದ ಹನ್ನೆರಡನೆಯದನ್ನು ಬಿಟ್ಟೆ. ಉಳಿದ ಮನೆಗಳ ಹೊಲದಲ್ಲೂ ಸಾಲು ಬಿಟ್ಟಿದ್ದೇವೆ, ಆದರೆ ಒಳಗೆ ಇವೆ. ಬರುವವರಿಗೆ ಮೊದಲು ಕಾಣುವುದು ನಮ್ಮ ದಾರಿಯ ಪಕ್ಕದ್ದು.

ಅಮ್ಮ ಬದುವಿನ ಮೇಲೆ ನಿಂತಿದ್ದಳು. "ಅದನ್ನ ಯಾಕೆ ಬಿಟ್ಟೆ?"

"ಬಿಡಬೇಕು."

"ಸ್ವಂತ ತಾಯಿ ಸಾಲು ಕಣೇ. ಆ ನಾಝಲ್ ಹೊಲ ಅಲ್ಲ ಇದು."

ನಾಝಲ್ ಆಚೆ ಸಾಲಿನಲ್ಲಿ ಪಂಪು ಒತ್ತುತ್ತಿದ್ದರು. ಕೇಳಿಸಿಕೊಂಡರು, ತಿರುಗಲಿಲ್ಲ.


ಜೂನ್ 7, ಭಾನುವಾರ

ಕಾಲುವೆ ಸಿದ್ಧವಾಗಿದೆ. ಬೆಳಿಗ್ಗೆ ಅಧ್ಯಕ್ಷ ಒಬ್ಬನೇ ಬಂದು ಮೇಲಿನ ಬದುವಿನಿಂದ ನೋಡಿದನಂತೆ. "ಹೊಲ ಹಸಿರಾಗೇ ಇದೆಯಲ್ಲ. ಇನ್ನೊಂದು ವಾರ ಕಾಯಬಹುದೇನೋ, ಅಷ್ಟರಲ್ಲಿ ಮೇಲಿನದಕ್ಕೆ ಒಂದು ಸುತ್ತು ಬಿಡೋಣ" ಎಂದನಂತೆ. ಇರುವುದೇ ಒಂದು ಸುತ್ತು. ಔಷಧಿ ಗೆದ್ದರೂ ಇವನೇ ಗೆಲ್ಲುತ್ತಾನೆ, ಸೋತರೂ ಇವನೇ. ಹಲ್ಲು ಕಡಿಯುವುದೊಂದೇ ಉಳಿದಿದೆ. ನಾಳೆ ಏಳಕ್ಕೆ ಸಮಿತಿ ಬರುತ್ತದೆ.

ಸಂಜೆ ಆರಕ್ಕೆ ಹಿತ್ತಲಿಗೆ ಬಂದಾಗ ಅಮ್ಮ ಕಾಣಲಿಲ್ಲ. ಹೊಲಕ್ಕೆ ಓಡಿದೆ. ಹನ್ನೆರಡನೆಯ ಸಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೊಡ, ಕೈಯಲ್ಲಿ ಲೋಟ. ನಮ್ಮ ಅದೇ ದೊಡ್ಡ ಲೋಟ. ಎಲೆಗಳು ಪೆನ್ಸಿಲಿನಂತೆ ಸುತ್ತಿಕೊಂಡಿದ್ದವು. ಸಂಜೆಯಾದರೂ ಬಿಚ್ಚಿರಲಿಲ್ಲ.

"ನಾಳೆ ನೀರು ಬರತ್ತಲ್ಲ" ಎಂದಳು ನನ್ನ ಕಡೆ ನೋಡದೆ. "ಇದೊಂದು ದಿನ. ಒಂದೊಂದು ಲೋಟ. ಜೀವ ಹಿಡ್ಕೊಳ್ಳತ್ತೆ."

ನಾನು ಅವಳ ಮಣಿಕಟ್ಟು ಹಿಡಿದೆ.

"ಬೇಡಮ್ಮ."

"ನೀನು ಅರವತ್ತು ಗಿಡಕ್ಕೆ ಹಾಕ್ದವಳು. ನನಗೆ ಬುದ್ಧಿ ಹೇಳ್ತೀಯ?"

"ಹೌದು."

"ಬಿಡು ಕೈ."

ಬಿಡಲಿಲ್ಲ. ಅವಳ ಮಣಿಕಟ್ಟು ಇಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಲೋಟ ವಾಲಿ ಸ್ವಲ್ಪ ನೀರು ಚೆಲ್ಲಿತು. ಬುಡಕ್ಕೆ ಬೀಳದಂತೆ ನನ್ನ ಕಾಲು ಅಡ್ಡ ಇಟ್ಟೆ. ಪಾದ ಒದ್ದೆಯಾಯಿತು. ಆಮೇಲೆ ಅವಳು ಲೋಟದಲ್ಲಿ ಉಳಿದದ್ದನ್ನು ತಾನೇ ಕುಡಿದು, ಕೊಡ ಎತ್ತಿಕೊಂಡು ಹೋದಳು.


ಜೂನ್ 8, ಸೋಮವಾರ

ಏಳಕ್ಕೆ ಬಂದರು. ಅಧ್ಯಕ್ಷ ಹಸಿರು ತೋರಿಸುತ್ತ ಮಾತಾಡುತ್ತಲೇ ದಾರಿ ಇಳಿದ. ನಮ್ಮ ಹನ್ನೆರಡನೆಯ ಸಾಲಿನ ಹತ್ತಿರ ಮೇಡಂ ನಿಂತರು. ಹಾಗಾಗಿ ಅವನೂ ನಿಲ್ಲಬೇಕಾಯಿತು. ಒಂದು ಕಡೆ ಹನ್ನೊಂದು ಸಾಲು, ಇನ್ನೊಂದು ಕಡೆ ಇದು. ಅವನ ಹಸಿರಿನ ಮಾತು ಅಲ್ಲಿಗೇ ನಿಂತಿತು. ನನಗೊಂದು ಮಾತು ಬಾಯಿಯ ತನಕ ಬಂದಿತ್ತು, ನುಂಗಿದೆ.

ಏಳೂಮುಕ್ಕಾಲಿಗೆ ತೂಬು ಎತ್ತಿದರು. ಹತ್ತಕ್ಕೆ ನಮ್ಮ ಹೊಲಕ್ಕೆ ನೀರು ಬಂತು. ಹನ್ನೆರಡನೆಯ ಸಾಲಿಗೂ ಬಂತು. ಬುಡದಲ್ಲಿ ನಿಂತಿತು, ಗುಳ್ಳೆ ಎದ್ದಿತು, ಇಳಿಯಿತು. ಮಧ್ಯಾಹ್ನ ಒಂದಕ್ಕೆ ನೋಡಿದೆ: ಐದು. ಸಂಜೆ ನೋಡಿದೆ: ಐದು. ಆ ಸಾಲಿನ ಇಪ್ಪತ್ತನಾಲ್ಕು ಗಿಡವೂ ಹೋದವು.

ಅಮ್ಮ ನನ್ನ ಮುಂದೆ ತಟ್ಟೆ ಮಾತ್ರ ಇಟ್ಟಳು.

ನಾಝಲ್ ಬಗ್ಗೆ ನನ್ನ ಅಭಿಪ್ರಾಯ ಏನೂ ಬದಲಾಗಿಲ್ಲ. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದವರು, ಮೇಲೆ ಅಹಂಕಾರ ಬೇರೆ. ನಾಳೆ ಬೆಳಿಗ್ಗೆ ಐದೂವರೆಗೆ ಹೋಗಬೇಕು, ಪಂಪುಗಳನ್ನು ತೊಳೆದಿಡುವುದಿದೆ. ಅವರ ಕಣ್ಣಿಗೆ ಈಗ ಮೂತಿಯ ತೂತು ಸರಿಯಾಗಿ ಕಾಣುವುದಿಲ್ಲ. ಬರುವಾಗ ದಾರಿಯಲ್ಲಿ ಒಂದು ಹಿಡಿ ಗಟ್ಟಿ ಹುಲ್ಲುಕಡ್ಡಿ ಕಿತ್ತು ಸೆರಗಿಗೆ ಕಟ್ಟಿಕೊಂಡಿದ್ದೇನೆ.